ಬೂತಾಯಿ ಎಲ್ಲಿಗೂ ಓಡಿಹೋಗಿಲ್ಲ

ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ‘ಕರಾವಳಿ ಬಿಟ್ಟು ಓಡಿದ ಬೂತಾಯಿ’ ಅಂತ ದಪ್ಪಕ್ಷರದಲ್ಲಿ ಸುದ್ದಿ ಬಂದಿತ್ತು. ಸ್ವಲ್ಪ ಹಿಂದೆ ಇದೇ ಪುಟದಲ್ಲಿ ‘ಬೂತಾಯಿ ಸುಗ್ಗಿ’ ಅಂತ ಬರೆದವರೂ ನೀವೇ ಅಲ್ವಾ? ಓದಿದವರಿಗೆ ಈ ಮೀನು ಮನಸ್ಸು ಬಂದಾಗ ಬಂದು, ಮುನಿಸಾದಾಗ ಎದ್ದು ಹೋಗುವ ನೆಂಟನ ಹಾಗೆ ಕಾಣುತ್ತದೆ.

ಬೂತಾಯಿ ಅನ್ನಿ, ಕುಂದಾಪುರದ ಬೈಗೆ ಅನ್ನಿ, ಕಾರವಾರದ ತಾರ್ಲೆ ಅನ್ನಿ, ಇಂಗ್ಲಿಷಿನ ಆಯಿಲ್ ಸಾರ್ಡಿನ್ ಅನ್ನಿ, ಮೀನು ಒಂದೇ. ಇದು ಇರುವ ಜಾಗ ನಕ್ಷೆಯಲ್ಲಿ ಬಲು ಉದ್ದ. ಏಡನ್ ಕೊಲ್ಲಿ, ಒಮಾನ್, ಪಾಕಿಸ್ತಾನ, ನಮ್ಮ ಪಶ್ಚಿಮ ಕರಾವಳಿ, ಶ್ರೀಲಂಕಾ. ಒಮಾನಿನಲ್ಲಿ ಇದನ್ನು ಒಣಗಿಸಿ ಒಂಟೆಗೂ ಹಾಕುತ್ತಾರಂತೆ ಅಂದರೆ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ! ಆದರೆ ಅಗಲ ಮಾತ್ರ ಏನೂ ಇಲ್ಲ, ದಡದ ಪಕ್ಕದ ಒಂದು ಪಟ್ಟಿ ಅಷ್ಟೇ. ಹೆಚ್ಚಾಗಿ ಸಿಗುವುದು 30 ಮೀಟರ್‌ಗಿಂತ ಕಡಿಮೆ ಆಳದ ನೀರಿನಲ್ಲಿ. ಭಾರತದಲ್ಲಿ ಇದರ ಖಾಸಾ ಜಾಗ ಕೇರಳ ಮತ್ತು ಕರ್ನಾಟಕದ ಕಡಲು.

ಅದಕ್ಕೆ ಕಾರಣ ಮುಂಗಾರು. ಮಳೆಗಾಲದಲ್ಲಿ ದಡದ ಬಳಿಯ ಮೇಲ್ನೀರು ಆಚೆ ಸರಿಯುತ್ತದೆ, ಆ ಜಾಗಕ್ಕೆ ಅಡಿಯಿಂದ ತಣ್ಣನೆಯ ನೀರು ಏಳುತ್ತದೆ, ಅದರಲ್ಲಿ ಗೊಬ್ಬರದಂಥ ಸತ್ವ ತುಂಬಿರುತ್ತದೆ, ಬಿಸಿಲು ಬಿದ್ದದ್ದೇ ತಡ ಡಯಾಟಮ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕಡಲು ತುಂಬ ಹಬ್ಬುತ್ತದೆ. ಬೂತಾಯಿಯ ಮುಖ್ಯ ಊಟ ಇದೇ. ಬೇಕಾದರೆ ಮಳೆಗಾಲ ಮುಗಿಯುವ ಹೊತ್ತಿನ ಮೀನಿನ ಹೊಟ್ಟೆ ಸೀಳಿ ನೋಡಿ, ಹಸಿರು ಕಂದು ಬಣ್ಣದ ಲೋಳೆ ಬೆರಳಿಗೆ ಹತ್ತುತ್ತದೆ. ತೊಳೆದ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಆ ಎಣ್ಣೆ ಬಂದದ್ದು ಆ ಪಾಚಿಯಿಂದ.

ಮುಂಗಾರು ಎಲ್ಲ ವರ್ಷ ಒಂದೇ ಥರ ಇರುವುದಿಲ್ಲ, ಹಾಗಾಗಿ ಇದರ ಜಾಗವೂ ಹಿಗ್ಗುತ್ತದೆ, ಕುಗ್ಗುತ್ತದೆ. ಮೀನು ಜಾಸ್ತಿಯಾದ ಕಾಲದಲ್ಲಿ ಗೋವಾ, ಮಹಾರಾಷ್ಟ್ರದ ಕಡೆಗೂ ಹರಡುತ್ತದೆ. 1980ರ ದಶಕದ ನಂತರ ತಮಿಳುನಾಡು, ಆಂಧ್ರದಲ್ಲೂ ರಾಶಿ ರಾಶಿ ಸಿಗತೊಡಗಿತು. ಹಾಗಂತ ಇಲ್ಲಿಯ ಮೀನು ಅಲ್ಲಿಗೆ ಗುಳೆ ಹೋಯಿತು ಅಂತಲ್ಲ, ಎರಡೂ ಕಡೆ ಭರ್ತಿಯಾಗಿ ಸಿಕ್ಕ ವರ್ಷಗಳೂ ಇವೆ. ಇದರ ಆಯುಸ್ಸೇ ಎರಡೂವರೆ ವರ್ಷದ ಆಸುಪಾಸು. ಒಂದೆರಡು ಮಳೆಗಾಲ ಕೈಕೊಟ್ಟರೆ ಬಲೆ ಖಾಲಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ ಬರೀ 3,300 ಟನ್ನಿನ ಆಸುಪಾಸು. ಈ ಏರುಪೇರು ಹಳೆಯದೇ. ದಕ್ಷಿಣ ಕನ್ನಡ ಇನ್ನೂ ಮದ್ರಾಸಿನಲ್ಲಿದ್ದಾಗ, 1943ರಲ್ಲೇ ಅಲ್ಲಿಯ ಸರ್ಕಾರ ಬೂತಾಯಿ ಹಿಡಿಯುವುದಕ್ಕೆ ಕಡಿವಾಣ ಹಾಕಿತ್ತು.

ಕಡಲು ನಮ್ಮ ಕೈಯಲ್ಲಿಲ್ಲ ನಿಜ, ಆದರೆ ಮರಿ ಹಿಡಿಯುವುದು ನಮ್ಮ ಕೈಯಲ್ಲೇ ಇದೆ. ಈ ಮೀನು ಮೊಟ್ಟೆ ಇಡಬೇಕಾದರೆ ಸುಮಾರು 15 ಸೆಂ.ಮೀ. ಬೆಳೆಯಬೇಕು. ಮೀನುಗಾರಿಕೆ ನಿಷೇಧ ಅಂತ ಜೂನ್, ಜುಲೈ ಎರಡು ತಿಂಗಳು ಬೋಟು ಕಟ್ಟಿಹಾಕಿ, ಆಮೇಲೆ ಬೆರಳುದ್ದದ್ದನ್ನು ಬಾಚಿ ಮೀನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಕಳಿಸಿದರೆ ಏನು ಬಂತು? ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕದು ಹಿಡಿಯಬಾರದು ಅಂತ ನಿಯಮ ಇದೆ.

ನಿಮ್ಮ ವರದಿಗಾರರು ಬಂದರಿಗೆ ಹೋದಾಗ ಬುಟ್ಟಿಗೆ ಎಷ್ಟು ಅಂತ ಮಾತ್ರ ಕೇಳಿ ಬರುತ್ತಾರೆ. ಇನ್ನು ಮೇಲೆ ಕಿಸೆಯಲ್ಲಿ ಒಂದು ಸ್ಕೇಲ್ ಇಟ್ಟುಕೊಳ್ಳಲಿ. ಮೀನು ಎಷ್ಟು ಉದ್ದ ಇತ್ತು, ಯಾವ ಊರಿನ ಎದುರು, ಎಷ್ಟು ಮಾರು ಆಳದಲ್ಲಿ ಸಿಕ್ಕಿತು ಅಂತ ಒಂದು ಸಾಲು ಬರೆಯಲಿ, ಸಾಕು.

ಅಂದಹಾಗೆ, ಆ ಸುದ್ದಿಯ ಜೊತೆ ಹಾಕಿದ ಫೋಟೋದಲ್ಲಿ ಇದ್ದದ್ದು ಬಂಗುಡೆ.

ಇತಿ,
ಕರಾವಳಿಯ ಓದುಗ