ಕಂದಾಯ ಜಾಸ್ತಿ ಕಟ್ಟುತ್ತೇನೆ, ಏಳು ಗಂಟೆಗೆ ಬಸ್ ಬರಲಿ

ಮಾನ್ಯ ಸಂಪಾದಕರೇ,

ನಾನು ಚಿಕ್ಕಮಗಳೂರಿನ ಉಪ್ಪಳ್ಳಿಯವಳು. ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿ, ಒಳ್ಳೆ ಬೀಜ ಹೆಕ್ಕುವ ಕೆಲಸ ಮಾಡುತ್ತೇನೆ. ಊರೊಳಗಿನ ಬಸ್ಸಿಗೆ ಅಂತ ಮನೆ ಕಂದಾಯದ ಜೊತೆ ಇನ್ನೊಂದಿಷ್ಟು ದುಡ್ಡು ಕೇಳಿದರೆ ಕೊಡಬೇಕಾ ಬೇಡ್ವಾ ಅಂತ ಮೊನ್ನೆ ನಮ್ಮ ಬೀದಿಯಲ್ಲಿ ಜೋರು ಮಾತಾಯಿತು. "ಬಸ್ಸೇ ಹತ್ತದ ನಾವು ಯಾಕೆ ಕೊಡಬೇಕು?" ಅಂದರು ಎದುರು ಮನೆಯವರು. ಅವರ ಮನೆ ಮುಂದೆ ಎರಡು ಬೈಕು, ಒಂದು ಕಾರು ನಿಂತಿರುತ್ತದೆ. ಸುಮಾರು ಜನ ಹೌದು ಹೌದು ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಮನೆಗೆ ಬಂದು ಕಂದಾಯದ ರಸೀದಿ ತೆಗೆದು ನೋಡಿದೆ. ನೂರು ರೂಪಾಯಿ ತೆರಿಗೆಗೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಹೆಸರಲ್ಲಿ 3 ರೂಪಾಯಿ ಉಪಕರ ಸೇರಿದೆ. ನಾನು ಓದಿದ್ದು ಏಳನೇ ಕ್ಲಾಸು. ಲೈಬ್ರರಿ ಒಳಗೆ ಕಾಲಿಟ್ಟವಳಲ್ಲ. ಆದರೆ ನನ್ನ ಮಗ ಎರಡು ವರ್ಷ ದಿನಾ ಅಲ್ಲೇ ಕೂತು ಪರೀಕ್ಷೆಗೆ ಓದಿದ. ಅವನು ಓದಿದ ಪುಸ್ತಕಕ್ಕೆ ಎದುರು ಮನೆಯವರ ದುಡ್ಡೂ ಸೇರಿತ್ತು. ಬಸ್ಸೂ ಹಾಗೇ ಅಲ್ವಾ?

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ನಮಗೆ ಅದರಿಂದ ಉಪಕಾರವಾಗಿದೆ, ಇಲ್ಲ ಅನ್ನಬಾರದು. ಆದರೆ ಬಸ್ಸೇ ಬರದಿದ್ದರೆ ಪುಕ್ಕಟೆ ಟಿಕೆಟ್ ಇಟ್ಟುಕೊಂಡು ಏನು ಮಾಡಲಿ? ಸೀಸನ್ನಿನಲ್ಲಿ ಕೆಲಸ ಬಿಡುವಾಗ ಏಳಾಗುತ್ತದೆ. ಹನುಮಂತಪ್ಪ ವೃತ್ತದಲ್ಲಿ ಊಟದ ಡಬ್ಬಿ ಹಿಡಿದು, ತಲೆ ತುಂಬಾ ಕಾಫಿ ಹೊಟ್ಟಿನ ಧೂಳು ಹೊತ್ತು ನಿಲ್ಲುತ್ತೇವೆ. ಜೊತೆಗೆ ಯಾರೂ ಸಿಗದಿದ್ದರೆ ಆಟೋಗೆ 80 ರೂಪಾಯಿ. ಅದು ನನ್ನ ಅರ್ಧ ಹೊತ್ತಿನ ದುಡಿಮೆ ಹತ್ತಿರ ಹತ್ತಿರ.

ನನ್ನ ತವರು ಕೊಪ್ಪ ಕಡೆ. ಅಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಅನ್ನುವ ಬಸ್ ಸಂಸ್ಥೆ ಕಟ್ಟಿದ್ದರು. ನಮ್ಮೂರಿನ ತಿರುವಿನಲ್ಲಿ ಹಾರನ್ ಕೇಳಿದರೆ ಅಮ್ಮ ಗಂಟೆ ಎಷ್ಟು ಅಂತ ಹೇಳುತ್ತಿದ್ದಳು. ನಷ್ಟ ತಡೆಯಲಾಗದೆ 2020ರ ಫೆಬ್ರುವರಿಯಲ್ಲಿ ಅದು ನಿಂತುಹೋಯಿತು. ಆಮೇಲೆ ಎಲ್ಲರೂ ಮರುಗಿದೆವು. ಮನೆಗೆ ಇಷ್ಟು ಅಂತ ಹಾಕೋಣ ಅನ್ನುವ ಮಾತು ಅದಕ್ಕೆ ಮುಂಚೆ ನಮ್ಮ ಕೇರಿಯಲ್ಲಿ ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ.

ಹಾಗಂತ ಸುಮ್ನೆ ಕಟ್ಟಿ ಅಂದರೆ ಯಾರೂ ಒಪ್ಪುವುದಿಲ್ಲ. ಬಸ್ಸಿನ ದುಡ್ಡಿಗೆ ಬೇರೆ ಖಾತೆ ಇರಲಿ. ಎಷ್ಟು ಬಂತು, ಯಾವ ರೂಟಿಗೆ ಹೋಯಿತು ಅಂತ ನಗರಸಭೆ ಬಾಗಿಲಲ್ಲೇ ಬೋರ್ಡು ಹಾಕಲಿ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಂದ ಶುಲ್ಕ ತೆಗೆದುಕೊಳ್ಳುತ್ತಾರಲ್ಲ, ಅದರಲ್ಲೂ ಒಂದು ಪಾಲು ಇದಕ್ಕೆ ಬರಲಿ. ಎಲ್ಲಕ್ಕಿಂತ ಮೊದಲು ಏಳಕ್ಕೊಂದು, ಎಂಟಕ್ಕೊಂದು ಬಸ್ ಬಿಟ್ಟು ತೋರಿಸಲಿ. ವರ್ಷಕ್ಕೆ 200 ರೂಪಾಯಿ ಜಾಸ್ತಿ ಅಂದರೂ ನನಗದು ಎರಡೂವರೆ ದಿನದ ಆಟೋ ದುಡ್ಡು ಅಷ್ಟೇ. ಬಸ್ ಓಡಾಡಲು ಶುರುವಾದ ತಿಂಗಳೇ ನಾನು ಹೋಗಿ ಕಟ್ಟಿ ಬರುತ್ತೇನೆ.

– ಒಬ್ಬ ಕಾರ್ಮಿಕ ಮಹಿಳೆ, ಉಪ್ಪಳ್ಳಿ, ಚಿಕ್ಕಮಗಳೂರು