ಮುಖ ನೋಡಿ ಮಾತಾಡಿಸು

ಮಂಡಿ ಮೊಹಲ್ಲಾ, ಮೈಸೂರು

ಪ್ರೀತಿಯ ಶೀಲಾ,

ಯೇಸುವಿನ ನಾಮದಲ್ಲಿ ವಂದನೆ. ನಿನ್ನ ಮೆಸೇಜು ಮೂರು ಸಲ ಓದಿದೆ. ಅಡುಗೆ ಮಾಡುತ್ತಾ ಫೋನಿನಲ್ಲಿ ಪಾದ್ರಿಗಳ ಪ್ರಸಂಗ ಕೇಳುತ್ತೀಯ, ಅದನ್ನೂ ಬೇಗ ಬೇಗ ಓಡಿಸಿ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬೈಬಲ್ ವಾಕ್ಯ ಬಂದರೆ ಕೈಮುಗಿದ ಚಿತ್ರ ಹಾಕಿ ಮುಂದೆ ಹೋಗುತ್ತೀಯ. "ದೊಡ್ಡಮ್ಮ, ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸುವುದಿಲ್ಲ. ನನ್ನ ನಂಬಿಕೆ ಸತ್ತೇ ಹೋಯಿತಾ?" ಅಂತ ಕೇಳಿದ್ದೀಯ. ಇಲ್ಲ ಮಗಳೇ. ಸತ್ತಿದ್ದರೆ ಈ ಸಂಕಟ ಎಲ್ಲಿರುತ್ತಿತ್ತು?

ಕೀರ್ತನೆ ಕೇಳಿ ಕಣ್ಣು ತುಂಬಿದರೆ ಒಳ್ಳೆಯದೇ. ಆದರೆ ಅದು ಬರುತ್ತದೆ, ಹೋಗುತ್ತದೆ. ನಾನು ಮೂವತ್ತು ವರ್ಷ ನರ್ಸ್ ಆಗಿದ್ದವಳು. ರಾತ್ರಿ ಮೂರು ಗಂಟೆಗೆ ರೋಗಿ ಕರೆದಾಗ ಪ್ರೀತಿ ಉಕ್ಕಿ ಯಾರೂ ಏಳುವುದಿಲ್ಲ. ಕರೆದರು, ಎದ್ದೆವು ಅಷ್ಟೇ. ಹೋದ ಮೇಲೆ ಮುಖ ನೋಡಿ ಮಾತಾಡಿಸಿದೆವಾ, ಸುಮ್ನೆ ಸೂಜಿ ಚುಚ್ಚಿ ಬಂದೆವಾ? ನನ್ನ ಪಾಲಿಗೆ ನಂಬಿಕೆ ಅಲ್ಲೇ ಗೊತ್ತಾಗುತ್ತಿತ್ತು.

ನಿನಗೆ ಹೇಳದ ಒಂದು ವಿಷಯ ಇದೆ. ಹೋದ ವರ್ಷ ಒಂದು ಭಾನುವಾರ ಮೈ ಸರಿಯಿಲ್ಲದೆ ಮನೆಯಲ್ಲೇ ಕೂತು ಫೋನಿನಲ್ಲಿ ಆರಾಧನೆ ನೋಡುತ್ತಿದ್ದೆ. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದರು. ತಲೆಯನ್ನೂ ಎತ್ತದೆ, ಇರಿ ಅಂತ ಕೈ ತೋರಿಸಿದೆ. ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ಅವರ ಯಜಮಾನರಿಗೆ ಶುಗರ್ ಇಳಿದು ಬೆವರುತ್ತಿದ್ದರಂತೆ. ಒಬ್ಬರೇ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ದೇವರ ದಯೆ, ಉಳಿದರು. ಅವರಿಗೆ ಸ್ವಲ್ಪ ಸಕ್ಕರೆ ತಿನ್ನಿಸಿ ಅಂತ ಹೇಳಲು ನಾನು ಹತ್ತು ಹೆಜ್ಜೆ ಹೋದರೆ ಸಾಕಿತ್ತು. ಸಂಜೆ ಹೋಗಿ ಕ್ಷಮೆ ಕೇಳಿದೆ. ಆಕೆ ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಹಾಗಂತ ತಪ್ಪೆಲ್ಲ ಫೋನಿನದಲ್ಲ. ಲೂಕನ ಸುವಾರ್ತೆ 10ನೇ ಅಧ್ಯಾಯ ತೆಗೆದು ನೋಡು. ಯೇಸುವನ್ನು ಮನೆಗೆ ಕರೆದು ಉಪಚಾರದ ಕೆಲಸದಲ್ಲೇ ಮುಳುಗಿದ್ದ ಮಾರ್ಥಳ ಅಡುಗೆಮನೆಯಲ್ಲಿ ಯಾವ ಫೋನಿತ್ತು? ಆದರೂ ಅವಳ ಮನಸ್ಸು ನೂರು ಕಡೆ ಓಡುತ್ತಿತ್ತು. ಕರ್ತನು ಅವಳ ಹೆಸರನ್ನು ಎರಡು ಸಲ ಕರೆದು ಮಾತಾಡಿದನು, "ಮಾರ್ಥಳೇ, ಮಾರ್ಥಳೇ" ಅಂತ. ನನಗೆ ಅದರಲ್ಲಿ ಗದರಿಕೆ ಕೇಳಿಸುವುದಿಲ್ಲ, ಪ್ರೀತಿಯೇ ಜಾಸ್ತಿ ಕೇಳಿಸುತ್ತದೆ.

ಶ್ರೀರಂಗಪಟ್ಟಣದ ಗಂಜಾಂ ಚರ್ಚಿಗೆ ನಿನ್ನನ್ನು ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಫ್ರಾನ್ಸಿನ ಗುರು ಅಬ್ಬೆ ದುಬೊಯ್ ಸೇವೆ ಮಾಡಿದ ಜಾಗ ಅದು. ನಮ್ಮ ಸಭೆಯವರಲ್ಲ, ಕ್ಯಾಥೊಲಿಕರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕಡೆ ಬಂದು ಚದುರಿದ್ದ ಕ್ರೈಸ್ತರನ್ನು ಕೂಡಿಸಿದರು. ಸಿಡುಬಿಗೆ ಲಸಿಕೆ ಹಾಕುವ ಕೆಲಸಕ್ಕೂ ನಿಂತರು. ಆಗೆಲ್ಲ ಲಸಿಕೆ ಹಾಕಿಸಿಕೊಂಡವರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಒಂದೊಂದೇ ತೋಳು. ಹೆದರಿದವರನ್ನು ಕೂರಿಸಿ ಒಪ್ಪಿಸಬೇಕು. 1823ರಲ್ಲಿ ಅವರು ಈ ದೇಶ ಬಿಟ್ಟರು. ಜನರನ್ನು ಕ್ರೈಸ್ತರನ್ನಾಗಿ ಮಾಡುವ ಕೆಲಸ ಇಲ್ಲಿ ಫಲಿಸಲಿಲ್ಲ ಅಂತ ತಾವೇ ಬರೆದುಕೊಂಡರು. ಇಲ್ಲಿನವರ ಬಗ್ಗೆ ಅವರು ಬರೆದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಆದರೆ ಸೂಜಿ ಹಿಡಿದ ಕೈ ನನ್ನದೂ ಅಲ್ವಾ, ಆ ತೋಳುಗಳನ್ನು ಮರೆಯಲಾರೆ.

ಈಗ ನಿನ್ನ ವಿಷಯ. ಬೆಳಿಗ್ಗೆ ಫೋನನ್ನು ಮಿಕ್ಸಿ ಪಕ್ಕ ಇಟ್ಟು, ರೂಮಿಗೆ ಹೋಗಿ ಬಾಗಿಲು ಹಾಕಿಕೋ. ಯೇಸು ಹೇಳಿದ್ದೂ ಅದನ್ನೇ. ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳು. ಮನಸ್ಸು ಆಫೀಸಿಗೆ ಓಡಿದರೆ ಬೈದುಕೊಳ್ಳಬೇಡ, ಬಿಟ್ಟ ಮಾತಿನಿಂದ ಮತ್ತೆ ಶುರು ಮಾಡು. ಹತ್ತು ಸಲ ಓಡಿದರೆ ಹತ್ತು ಸಲ ವಾಪಸ್ ಬಾ. ಏನೂ ಅನ್ನಿಸದಿದ್ದರೂ ನಾಳೆ ಮತ್ತೆ ಕೂರು.

ಮುಂದಿನ ವಾರ ಬೆಂಗಳೂರಿನಿಂದ ಬರುವಾಗ ಮಂಡ್ಯದಲ್ಲಿ ಇಳಿದು ಅಜ್ಜಿಯನ್ನು ನೋಡಿಕೊಂಡು ಬಾ. ಅವರಿಗೆ ಈಗ ಕಿವಿ ಕೇಳುವುದಿಲ್ಲ, ಮಾತಾಡಿಸಲು ಕಷ್ಟ. ಪಕ್ಕದಲ್ಲಿ ಕೂತು ಕೈ ಹಿಡಿದುಕೋ. ಫೋನು ಬ್ಯಾಗಿನಲ್ಲೇ ಇರಲಿ.

ನಿನ್ನ ದೊಡ್ಡಮ್ಮ