ಹೆದರಬೇಕಾದದ್ದು ಮೈನಸ್ ಇಪ್ಪತ್ತಕ್ಕಲ್ಲ, ಸೊನ್ನೆಗೆ

ಮಾನ್ಯ ಸಂಪಾದಕರೇ,

ಚಳಿಗಾಲ ಹತ್ತಿರವಾಗುತ್ತಿದ್ದಂತೆ ನಮ್ಮ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಫಿನ್‌ಲ್ಯಾಂಡಿನ ಧ್ರುವಪ್ರಭೆಯ (ರಾತ್ರಿಯ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿನ) ಕುರಿತ ಲೇಖನಗಳು ಬರತೊಡಗುತ್ತವೆ. ಉತ್ತರದ ರೊವಾನಿಯೆಮಿ ನಗರದಲ್ಲಿ ಇಳಿದು, ಕಾರೊಂದನ್ನು ಬಾಡಿಗೆಗೆ ಹಿಡಿದು, ಆಕಾಶ ತಿಳಿಯಾಗಿರುವ ಕಡೆಗೆ ರಾತ್ರಿಯೇ ಹೊರಡಿ ಎಂಬ ಸಲಹೆ ಅವುಗಳಲ್ಲಿ ತಪ್ಪದೆ ಇರುತ್ತದೆ. ಔಲು ನಗರದಲ್ಲಿ ಕೆಲವು ವರ್ಷಗಳಿಂದ ನೆಲೆಸಿ ಇಲ್ಲಿಯೇ ಕಾರು ಓಡಿಸುತ್ತಿರುವ ನನಗೆ, ಆ ಸಲಹೆಯ ಬೆನ್ನಿಗೇ ಇರಬೇಕಾದ ಕೆಲವು ಮಾತುಗಳು ಬಿಟ್ಟುಹೋಗುತ್ತಿವೆ ಎನಿಸಿದ್ದರಿಂದ ಈ ಪತ್ರ.

ನಮ್ಮವರು ಹೆದರುವುದು ಮೈನಸ್ ಇಪ್ಪತ್ತು ಡಿಗ್ರಿಗೆ. ಆದರೆ ಅಂಥ ಕಡುಚಳಿಯಲ್ಲಿ ರಸ್ತೆಯ ಮೇಲೆ ಒತ್ತಿಕೊಂಡ ಹಿಮ ಒಣಗಿ ಗಟ್ಟಿಯಾಗಿರುವುದರಿಂದ ಚಕ್ರಕ್ಕೆ ಒಂದಿಷ್ಟು ಹಿಡಿತ ಸಿಗುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಹಾಗಲ್ಲ. ಮಂಜುಗಡ್ಡೆಯ ಮೇಲೆ ನೀರಿನ ತೆಳುವಾದ ಪದರ ನಿಂತು, ಮಳೆ ಬಂದು ಒದ್ದೆಯಾದ ಡಾಂಬರಿನಂತೆ ಕಪ್ಪಗೆ, ನಿರಪಾಯವಾಗಿ ಕಾಣುತ್ತದೆ. ನಾನು ಇಲ್ಲಿಗೆ ಬಂದ ಮೊದಲ ವರ್ಷದ ನವೆಂಬರ್ ಕೊನೆಯಲ್ಲಿ, ಡ್ಯಾಶ್‌ಬೋರ್ಡ್ ಪ್ಲಸ್ ಒಂದು ಎಂದು ತೋರಿಸುತ್ತಿದ್ದ ಸಂಜೆ, ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಬರುತ್ತಾ ಸಿಗ್ನಲ್ ಬಳಿ ಬ್ರೇಕ್ ಒತ್ತಿದೆ. ಪೆಡಲು ಕಾಲಡಿಯಲ್ಲಿ ಕಟಕಟನೆ ಅದುರಿತೇ ಹೊರತು ಕಾರು ನಿಲ್ಲಲಿಲ್ಲ. ಕೆಂಪು ದೀಪವನ್ನು ನಿಧಾನವಾಗಿ ದಾಟಿ, ಅರ್ಧ ಸುತ್ತು ತಿರುಗಿ, ರಸ್ತೆಬದಿಯ ಹಿಮದ ರಾಶಿಗೆ ಒರಗಿಕೊಂಡಿತು. ಎದುರಿನಿಂದ ಯಾರೂ ಬಾರದಿದ್ದುದು ನನ್ನ ಪುಣ್ಯ. ಡ್ಯಾಶ್‌ಬೋರ್ಡ್ ತೋರಿಸುವುದು ಗಾಳಿಯ ಉಷ್ಣತೆಯನ್ನು, ನೆಲದ್ದನ್ನಲ್ಲ ಎಂಬುದು ಆಮೇಲೆ ತಿಳಿಯಿತು.

ಇಲ್ಲಿನ ಸರ್ಕಾರ ನೋಡಿಕೊಳ್ಳುವ ಸುಮಾರು 78,000 ಕಿ.ಮೀ. ರಸ್ತೆಯಲ್ಲಿ ಮೂರನೆಯ ಒಂದರಷ್ಟು ಇಂದಿಗೂ ಜಲ್ಲಿ ರಸ್ತೆಯೇ. ದಕ್ಷಿಣದ ಹೆದ್ದಾರಿಗಳಿಗೆ ಉಪ್ಪು ಹಾಕುತ್ತಾರೆ. ಚಳಿ ಹೆಚ್ಚಾದರೆ ಉಪ್ಪು ಕೆಲಸ ಮಾಡುವುದಿಲ್ಲವಾದ್ದರಿಂದ ಉತ್ತರದಲ್ಲಿ ಹಿಮವನ್ನೇ ಸಮತಟ್ಟಾಗಿ ಹೆರೆದು, ಬೇಕಾದಲ್ಲಿ ಮರಳು ಚೆಲ್ಲಿ ಬಿಡುತ್ತಾರೆ. ಹಿಮ ತೆಗೆಯುವ ಗಾಡಿ ಮೊದಲು ಹೋಗುವುದು ಮುಖ್ಯ ರಸ್ತೆಗಳಿಗೆ. ಧ್ರುವಪ್ರಭೆ ನೋಡಲು ನಮ್ಮವರು ಹುಡುಕಿಕೊಂಡು ಹೋಗುವ ಒಳದಾರಿಗಳ ಸರದಿ ಕೊನೆಯದು.

ನವೆಂಬರಿನಿಂದ ಮಾರ್ಚ್‌ವರೆಗೆ ಹವಾಮಾನ ಅಥವಾ ರಸ್ತೆಯ ಸ್ಥಿತಿ ಬೇಡಿದಾಗ ಚಳಿಗಾಲದ ಟಯರ್ ಕಡ್ಡಾಯ. ಬಾಡಿಗೆ ಕಾರಿಗೆ ಅದು ಹಾಕಿಯೇ ಇರುತ್ತದೆ, ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಲು ಪುಟ್ಟ ಲೋಹದ ಮೊಳೆಗಳಿರುವ ಟಯರ್ ಕೂಡ ಇರಬಹುದು. ಆ ಧೈರ್ಯದ ಮೇಲೆಯೇ ನಮ್ಮವರು ವೇಗ ಏರಿಸುವುದು. ಸ್ಥಳೀಯರು ಹಾಗೆ ಮಾಡುವುದಿಲ್ಲ. ಚಳಿಗಾಲ ಬಂತೆಂದರೆ ಮೋಟಾರು ಹೆದ್ದಾರಿಯ 120ರ ಮಿತಿ 100ಕ್ಕೆ, ಇತರ ಅನೇಕ ರಸ್ತೆಗಳ 100ರ ಮಿತಿ 80ಕ್ಕೆ ಇಳಿಯುತ್ತದೆ, ಜನ ಗೊಣಗದೆ ಪಾಲಿಸುತ್ತಾರೆ. 1972ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,100ಕ್ಕೂ ಹೆಚ್ಚು. ವಾಹನಗಳು ಎಷ್ಟೋ ಪಟ್ಟು ಹೆಚ್ಚಿರುವ ಈಗ ಆ ಸಂಖ್ಯೆ ವರ್ಷಕ್ಕೆ 200ರ ಆಸುಪಾಸಿನಲ್ಲಿದೆ. ಇಲ್ಲಿನ ಹುಡುಗ ಹುಡುಗಿಯರು ಕತ್ತಲೆಯಲ್ಲಿ, ಜಾರುವ ರಸ್ತೆಯಲ್ಲಿ ಎದುರಾಗುವ ಅಪಾಯಗಳ ಬಗ್ಗೆ ತರಬೇತಿ ಪಡೆಯದೆ ಲೈಸೆನ್ಸ್ ಕೈಗೆ ಬರುವುದಿಲ್ಲ. ಬೆಂಗಳೂರಿನಿಂದ ನಿನ್ನೆ ಬಂದಿಳಿದವರಿಗೆ ಆ ಪಾಠವನ್ನು ಹೇಳುವವರು ಯಾರು? ಆದ್ದರಿಂದ ಇಂಥ ಲೇಖನಗಳನ್ನು ಪ್ರಕಟಿಸುವಾಗ, ಹಿಮದಲ್ಲಿ ಓಡಿಸಿ ಅಭ್ಯಾಸವಿಲ್ಲದವರು ರಾತ್ರಿಯ ಪಯಣಕ್ಕೆ ಸ್ಥಳೀಯ ಚಾಲಕರಿರುವ ವ್ಯಾನನ್ನೇ ಗೊತ್ತುಮಾಡಿಕೊಳ್ಳಲಿ ಎಂಬ ಒಂದು ಸಾಲನ್ನು ಸೇರಿಸಬೇಕೆಂದು ಕೋರುತ್ತೇನೆ.

ಹಿಮಸಾರಂಗಗಳ ಮಾತು ಬೇರೆಯೇ. ಆಳವಾದ ಹಿಮಕ್ಕಿಂತ ನಡೆಯಲು ಸುಲಭವೆಂದು ಅವು ರಸ್ತೆಗೇ ಬರುತ್ತವೆ, ಹಾರ್ನ್ ಹೊಡೆದರೂ ಕದಲುವುದಿಲ್ಲ. ಕತ್ತಲಲ್ಲಿ ಕಾಣಲೆಂದು ಅವುಗಳ ಕೊಂಬಿಗೆ ಹೊಳೆಯುವ ಬಣ್ಣ ಬಳಿದು ನೋಡಿದ್ದೂ ಉಂಟು. ನೋಡಲು ಕಾಡುಪ್ರಾಣಿಯಂತಿದ್ದರೂ ಪ್ರತಿಯೊಂದಕ್ಕೂ ಮಾಲೀಕನಿದ್ದಾನೆ, ಕಿವಿಯಲ್ಲಿ ಅವನ ಗುರುತಿನ ಕತ್ತರಿಕೆ ಇರುತ್ತದೆ. ಡಿಕ್ಕಿಯಾದರೆ ಗಾಬರಿಬಿದ್ದು ಮುಂದೆ ಹೋಗಿಬಿಡಬಾರದು. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ತಿಳಿಸಬೇಕು, ಆಗ ಮಾಲೀಕನಿಗೆ ವಾಹನದ ವಿಮೆಯಿಂದ ಪರಿಹಾರ ಸಿಗುತ್ತದೆ.

ಇಂತಿ,
ಓರ್ವ ಓದುಗ
ಔಲು, ಫಿನ್‌ಲ್ಯಾಂಡ್